ಬಸ್ಸಿಗೆ ಕೊಟ್ಟ ಎಡಗೈ

ನಮ್ಮ ಭಾವ ಎಲ್ರಾಯ್ ಹ್ಯಾಸ್ಕೆಟ್ ಅವರ ಕಾರ್ ಶೆಡ್ಡಿಗೆ ಯಾರೇ ಹೋದರೂ ಮೊದಲು ಕಣ್ಣಿಗೆ ಬೀಳುತ್ತಿದ್ದದ್ದು ಬಾಗಿಲಿನ ಕೀಲುಗಳು. ಡಬ್ಬದ ತುಂಬ ಕೀಲು, ಡಬ್ಬದ ಮೇಲೆ ಡಬ್ಬ. ಪಕ್ಕದಲ್ಲಿ ಚಿಲಕ, ಮೊಳೆ ಪೊಟ್ಟಣ, ಕಾಗದವನ್ನೂ ಬಿಚ್ಚದ ಬಣ್ಣದ ಬ್ರಶ್ಶು, ಹಗ್ಗದ ಸುರುಳಿ. ಅವರ ಮನೆಗೆ ಇದ್ದದ್ದು ಮುಂದೊಂದು ಹಿಂದೊಂದು ಬಾಗಿಲು. "ಏನ್ ಭಾವ, ಇಡೀ ಅಯೋವಾ ರಾಜ್ಯಕ್ಕೆ ಬಾಗಿಲು ನೀವೇ ಹಾಕಿಸಿಕೊಡ್ತೀರಾ?" ಅಂತ ನಾನು ರೇಗಿಸಿದರೆ, "ಬೇಕಾಗುತ್ತೆ ಬಿಡು, ಹೇಝಲ್," ಅಂದು ಟೋಪಿಯನ್ನು ಹಣೆಯ ಮೇಲೆ ಎಳೆದುಕೊಳ್ಳೋರು. ಅಷ್ಟನ್ನೂ ತಂದದ್ದು ಬರ್ಗ್‌ಡಾಲ್ ಅವರ ಕಬ್ಬಿಣದ ಅಂಗಡಿಯಿಂದ.

ಆ ಅಂಗಡಿಗೆ ಅವರು ಹೋಗುತ್ತಿದ್ದದ್ದು ಕೀಲಿಗಲ್ಲ, ಒಂದು ಮಾತು ಹೇಳುವುದಕ್ಕೆ. ಹೇಳುವುದಕ್ಕೂ ಆಗದೆ, ಬರಿಗೈಲಿ ಹೊರಗೆ ಬರುವುದಕ್ಕೂ ಆಗದೆ, ಎದುರಿಗೆ ಕಂಡದ್ದನ್ನು ಕೊಂಡು ಬರುತ್ತಿದ್ದರು. ಇದು ನನಗೆ ಗೊತ್ತಾದದ್ದು ನನ್ನ ಅಕ್ಕ ಓಪಲ್ ತೀರಿಕೊಂಡ ಮೇಲೆ. ಗೊತ್ತಾದ ದಿನ ನನಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಈಗ ಭಾವನೂ ಇಲ್ಲ, ಆ ಶೆಡ್ಡನ್ನು ಖಾಲಿ ಮಾಡುವ ಕೆಲಸ ನನ್ನ ತಲೆಗೇ ಬಿದ್ದಿದೆ. ಕೀಲು ನೋಡಿದಾಗಲೆಲ್ಲ ಮನುಷ್ಯನ ಮೇಲೆ ಮತ್ತೆ ಸಿಟ್ಟು ಬರುತ್ತೆ, ಮರುಕ್ಷಣ ಅಯ್ಯೋ ಪಾಪ ಅನ್ನಿಸುತ್ತೆ.

ನಾನು ಹುಡುಗಿಯಾಗಿದ್ದಾಗ ನಮ್ಮ ಮಾರ್ಲೊ ಊರಿಗೂ ಒಂದು ಬೇಸ್‌ಬಾಲ್ ತಂಡ ಇತ್ತು. ದೊಡ್ಡ ತಂಡಗಳ ಏಣಿಯಲ್ಲಿ ಕಟ್ಟಕಡೆಯ ಮೆಟ್ಟಿಲು ನಮ್ಮದು, ಅದರ ಕೆಳಗೆ ಮುಸುಕಿನ ಜೋಳದ ಹೊಲ ಅಷ್ಟೇ. ನಾನು ಟಿಕೆಟ್ ಕಿಂಡಿಯಲ್ಲಿ ಕೂರುತ್ತಿದ್ದೆ. ಬಾಯಿ ಆಗಲೂ ಈಗಿನಷ್ಟೇ ಉದ್ದ. ಭಾವ ತಂಡದ ಕ್ಯಾಚರ್. ಬ್ಯಾಟು ಹಿಡಿದವನ ಹಿಂದೆ ಕುಕ್ಕರಗಾಲಲ್ಲಿ ಕೂತು, ಪಿಚರ್ ಎಸೆದದ್ದನ್ನೆಲ್ಲ ಎಡಗೈಯ ಗ್ಲೌಸಿನಲ್ಲಿ ಹಿಡಿಯುವ ಕೆಲಸ. ಮಾತು ಕಡಿಮೆ, ಮನುಷ್ಯ ಮೆತ್ತಗೆ. ಅಕ್ಕ ಅವರನ್ನು ಮದುವೆಯಾದಾಗ, "ಇವರ ಜೊತೆ ಜಗಳ ಆಡೋಕೂ ನೀನೇ ಎರಡೂ ಕಡೆ ಮಾತಾಡ್ಬೇಕಾಗುತ್ತೆ ನೋಡು," ಅಂತ ನಾನು ಹೇಳಿದ್ದೆ.

ತಂಡದ ಯಜಮಾನರು ಆ ಕಬ್ಬಿಣದ ಅಂಗಡಿಯ ಆಟೊ ಬರ್ಗ್‌ಡಾಲ್. ಬಾಟಲಿಯ ತಳದಂಥ ಕನ್ನಡಕ. ಅದನ್ನು ಹಾಕಿಕೊಂಡರೂ ಎದುರಿಗೆ ಬಂದವರನ್ನು ನಡಿಗೆಯ ಸದ್ದಿನಿಂದಲೇ ಗುರುತಿಸೋರು. ಕಣ್ಣಿನಲ್ಲಿ ಇಲ್ಲದ್ದನ್ನೆಲ್ಲ ದೇವರು ಕಿವಿಯಲ್ಲಿ ಇಟ್ಟಿದ್ದ. ಭಾನುವಾರ ನಮ್ಮ ಚರ್ಚಿನಲ್ಲಿ ಹಾಡಿಸುತ್ತಿದ್ದವರು ಅವರೇ. ಇಡೀ ಚರ್ಚು ಹಾಡುತ್ತಿರುವಾಗ ತಟ್ಟನೆ ಕೈ ಎತ್ತಿ ನಿಲ್ಲಿಸಿ, "ಮೂರನೇ ಸಾಲಲ್ಲಿ ಯಾರಿಗೋ ನೆಗಡಿ ಆಗಿದೆ. ಹಿಂದೆ ಒಬ್ರು ಬರೀ ಬಾಯಿ ತೆರೀತಿದೀರಿ, ಹಾಡ್ತಿಲ್ಲ," ಅನ್ನೋರು. ಅದು ನಿಜವೇ ಆಗಿರೋದು. ನಾವು ಅವರಿಗೆ ಹೆದರುತ್ತಿದ್ದೆವು, ಆದರೆ ಪಕ್ಕದ ಊರಿನವರು ನಮ್ಮ ಹಾಡು ಕೇಳೋಕೆ ಅಂತಲೇ ಬರುತ್ತಿದ್ದರು.

ಮೈದಾನದಲ್ಲೂ ಅವರದ್ದು ಅದೇ ಪದ್ಧತಿ. ಕ್ಯಾಚರ್ ಹಿಂದುಗಡೆಯ ಹಲಗೆ ಗೋಡೆಗೆ ಬೆನ್ನು ಕೊಟ್ಟು, ಆಟದ ಕಡೆ ತಿರುಗಿಯೂ ನೋಡದೆ, ಮೈಯೆಲ್ಲ ಕಿವಿಯಾಗಿ ನಿಂತಿರೋರು. ಜೋರಾಗಿ ಬಂದ ಚೆಂಡು ಗ್ಲೌಸಿನ ಗುಳಿಗೆ ನೇರ ಬಿದ್ದರೆ ಹಲಗೆ ಸೀಳಿದ ಹಾಗೆ ಠಪ್ ಅನ್ನುತ್ತೆ. ಕೈಯಲ್ಲಿ ಜೀವ ಇಲ್ಲದ ಪಿಚರ್ ಎಸೆದರೆ ಆ ಸದ್ದು ಬರಲ್ಲ. ಆ ಒಂದು ಸದ್ದಿನ ಮೇಲೆ ಅವರು ಹುಡುಗರನ್ನು ತೆಗೆದುಕೊಳ್ಳುತ್ತಿದ್ದರು, ಕಳಿಸುತ್ತಿದ್ದರು. ಒಂದು ಸಲವೂ ತಪ್ಪಿರಲಿಲ್ಲ.

ಲೋನಿ ವಾರ್ನಿಯನ್ನು ಹಿಡಿದದ್ದೂ ಹಾಗೆಯೇ. ದಕ್ಷಿಣದ ಯಾವುದೋ ಹೊಲದಿಂದ ಬಂದ ಹುಡುಗ, ಬೇಲಿ ಗೂಟದ ಹಾಗೆ ತೆಳ್ಳಗೆ, ಎಡಗೈಯವನು. ಅವನ ಚೆಂಡು ನೆಟ್ಟಗೆ ಬಂದು ಕೊನೇ ಗಳಿಗೆಯಲ್ಲಿ ಕೆಳಗೆ ಕುಸಿಯೋದು. ಹಿಡಿಯುವವರು ಅಂಥದ್ದನ್ನು ಭಾರದ ಚೆಂಡು ಅಂತಾರೆ. ಆ ಬೇಸಿಗೆ, ಸಾವಿರದ ಒಂಬೈನೂರ ಐವತ್ತೊಂದರಲ್ಲಿ, ಅವನನ್ನು ನೋಡೋಕೆ ಸುತ್ತಲ ಊರುಗಳಿಂದ ಜನ ಬಂದರು. ನನ್ನ ಕಿಂಡಿಯ ಮುಂದೆ ನೂಕುನುಗ್ಗಲು. ಬರ್ಗ್‌ಡಾಲ್ ಹಲಗೆ ಹಿಂದೆ ನಿಂತು ಹಾಡು ಕೇಳುವವರ ಹಾಗೆ ತಲೆದೂಗೋರು.

ಆ ಭಾರವನ್ನೆಲ್ಲ ಹೊತ್ತದ್ದು ಭಾವನ ಎಡಗೈ. ಜುಲೈ ಹೊತ್ತಿಗೆ ಹೆಬ್ಬೆರಳಿನ ಬುಡ ಬಾತು ನೀಲಿಗಟ್ಟಿತ್ತು. ಅಕ್ಕ ದಿನಾ ಐಸ್ ನೀರಿನಲ್ಲಿ ಅದ್ದಿ ಕೂರಿಸೋಳು. ಆದರೆ ಕ್ಯಾಚರ್ ಆದವನು ಕೈ ನೋಯುತ್ತೆ ಅಂತ ಬಾಯಿ ಬಿಡುವಂತಿಲ್ಲ. ಬಿಟ್ಟರೆ ಬೆಂಚಿನ ಮೇಲೆ ಕೂರಿಸ್ತಾರೆ, ಬೆಂಚಿನ ಮೇಲೆ ಕೂತಿರೋನು ಎದ್ದು ಬರ್ತಾನೆ, ಆಮೇಲೆ ಅವನು ಆ ಜಾಗ ಬಿಡಲ್ಲ. ಅಂಥವನೊಬ್ಬ ನಮ್ಮ ಬೆಂಚಿನ ಮೇಲೂ ಚ್ಯೂಯಿಂಗ್ ಗಮ್ ಅಗಿಯುತ್ತ ಕೂತಿದ್ದ. ಅಕ್ಕ ತುಂಬು ಬಸುರಿ. ಹಾಗಾಗಿ ಹಳೇ ಕ್ಯಾಚರ್‌ಗಳೆಲ್ಲ ಮಾಡುವುದನ್ನೇ ಭಾವನೂ ಮಾಡಿದರು. ಒಂದು ದಪ್ಪ ಸ್ಪಂಜು ಕತ್ತರಿಸಿ, ಒದ್ದೆ ಮಾಡಿ, ಗ್ಲೌಸಿನೊಳಗೆ ಅಂಗೈಗೆ ಇಟ್ಟುಕೊಂಡರು. ಕೆಲವರು ಹಸಿ ಮಾಂಸದ ತುಂಡು ಇಡೋದೂ ಉಂಟು. ಅದನ್ನು ಯಾರೂ ಕೇಳಲ್ಲ, ಯಾರೂ ಹೇಳಲ್ಲ.

ಅದೇ ವಾರ ವಾರ್ನಿಗೆ ಭುಜ ಹಿಡಿದುಕೊಂಡಿತು, ಸಾಲಾಗಿ ಎರಡು ಆಟ ಸೋತ. ಎಲ್ಲಿಂದ ವಾಸನೆ ಹಿಡಿದರೋ, ಪೋರ್ಟರ್‌ವಿಲ್ ತಂಡದವರು ಬಂದು ಕೂತರು. "ಹುಡುಗನ್ನ ನಮಗೆ ಕೊಡಿ, ನಮ್ಮ ಬಸ್ ನಿಮಗೆ ಕೊಡ್ತೀವಿ," ಅಂದರು. ನಮ್ಮ ಲೀಗಿನಲ್ಲಿ ಇದೇನೂ ವಿಚಿತ್ರ ಅಲ್ಲ. ಬೇಲಿ ಹಲಗೆಗೆ ಆಟಗಾರರನ್ನು ಕೊಟ್ಟದ್ದಿದೆ, ಒಂದು ಕಟ್ಟು ಬ್ಯಾಟಿಗೆ ಕೊಟ್ಟದ್ದಿದೆ. ನಮ್ಮ ಹುಡುಗರು ಊರೂರಿಗೆ ಹೋಗುತ್ತಿದ್ದದ್ದು ಕಂಡಕಂಡವರ ಕಾರಿನಲ್ಲಿ, ಅದರಲ್ಲೊಂದು ದಾರಿಯಲ್ಲಿ ಕೆಟ್ಟು ನಿಲ್ಲದೆ ಇರುತ್ತಿರಲಿಲ್ಲ. ಬರ್ಗ್‌ಡಾಲ್‌ಗೆ ಬಸ್ಸಿನ ಆಸೆ ಇತ್ತು. ಆದರೂ, "ಅವನ ಭುಜ ನಿಜವಾಗ್ಲೂ ಹೋಗಿದ್ರೆ ಮಾತ್ರ. ಇಲ್ದಿದ್ರೆ ರೈಲು ಕೊಟ್ರೂ ಕೊಡಲ್ಲ," ಅಂದರು.

ಮಾರನೇ ಬೆಳಿಗ್ಗೆ ಖಾಲಿ ಮೈದಾನದಲ್ಲಿ ವಾರ್ನಿಯನ್ನೂ ಭಾವನನ್ನೂ ನಿಲ್ಲಿಸಿ, "ಎಸಿಯಪ್ಪ, ನಾನು ಕೇಳ್ತೀನಿ," ಅಂತ ಹೇಳಿ ಹಲಗೆ ಹಿಂದೆ ಹೋದರು. ನಾನು ಕಿಂಡಿಯಲ್ಲಿ ಕೂತಿದ್ದೆ. ಧಬ್, ಧಬ್. ಯಾರೋ ದಿಂಬು ಕೊಡವುತ್ತಿರುವ ಹಾಗೆ ಕೇಳಿಸಿತು. ಅಯ್ಯೋ, ಹುಡುಗನ ಕಥೆ ಮುಗೀತು ಅಂದುಕೊಂಡೆ.

ಬರ್ಗ್‌ಡಾಲ್ ಈಚೆ ಬಂದರು. ಪಿಚರ್ ಕೈಯ ವಿಷಯದಲ್ಲಿ ಕ್ಯಾಚರ್ ಮಾತು ಡಾಕ್ಟರ ಮಾತಿದ್ದ ಹಾಗೆ. "ಏನೋ ಎಲ್ರಾಯ್, ಹೋಯ್ತೇನೋ ಅವನ ಕೈ?" ಅಂದರು.

ಭಾವ ನೆಲ ನೋಡಿದರು. "ಮೊದಲಿನ ಹಾಗಿಲ್ಲ, ಯಜಮಾನ್ರೇ."

ಅಷ್ಟೇ ಮಾತು. ಬರ್ಗ್‌ಡಾಲ್ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿಕೊಂಡರು. "ಇಪ್ಪತ್ತು ವರ್ಷಕ್ಕೇ ಹೀಗಾಯ್ತಲ್ಲ, ಪಾಪ," ಅಂದರು. ಮಧ್ಯಾಹ್ನದ ಹೊತ್ತಿಗೆ ಬಸ್ಸು ಬಂತು. ವಾರ್ನಿ ತನ್ನ ರಟ್ಟಿನ ಪೆಟ್ಟಿಗೆ ಹಿಡಿದುಕೊಂಡು ಹೊರಟ, ಹೋಗುವ ಮುಂಚೆ ಭಾವನ ಕೈ ಕುಲುಕಿ ಥ್ಯಾಂಕ್ಸ್ ಹೇಳಿದ. ಭಾವ ಬಲಗೈ ಕೊಟ್ಟರು, ಎಡಗೈ ಜೇಬಿನಲ್ಲಿತ್ತು.

ಆಗಸ್ಟಿನಲ್ಲಿ ಪೋರ್ಟರ್‌ವಿಲ್ ತಂಡ ನಮ್ಮೂರಿಗೆ ಆಡೋಕೆ ಬಂತು. ವಾರ್ನಿಯ ಭುಜಕ್ಕೆ ಬೇಕಾಗಿದ್ದದ್ದು ನಾಲ್ಕು ದಿನದ ವಿಶ್ರಾಂತಿ, ಬೇರೇನಲ್ಲ. ಅವತ್ತು ಅವರ ಕ್ಯಾಚರ್ ಗ್ಲೌಸಿನಿಂದ ಬಂದ ಸದ್ದು ನನ್ನ ಕಿಂಡಿಯವರೆಗೂ ಬಂತು. ಠಪ್, ಠಪ್. ನಮ್ಮವರು ಬ್ಯಾಟಿಗೆ ಚೆಂಡು ತಾಗಿಸಲಿಲ್ಲ. ಬರ್ಗ್‌ಡಾಲ್ ಹಲಗೆ ಹಿಂದೆ ನಿಂತು ಆ ಸದ್ದನ್ನು ಕೊನೆಯವರೆಗೂ ಕೇಳಿದರು. ಗ್ಯಾಲರಿಯಿಂದ ಯಾರೋ ಒಬ್ಬ ಕೂಗಿದ: "ಯಜಮಾನ್ರೇ, ನಿಮ್ಮ ಬಸ್ಸಿಗೆ ಹೇಳಿ, ಬಂದು ಎಸೀಲಿ." ಜನ ಬಿದ್ದು ಬಿದ್ದು ನಕ್ಕರು. ಬರ್ಗ್‌ಡಾಲ್ ಟೋಪಿ ಎತ್ತಿ ಜನಕ್ಕೆ ತೋರಿಸಿ, ತಾವೂ ನಕ್ಕು, ಮನೆಗೆ ಹೋದರು.

ಮುಂದಿನದ್ದು ಊರಿಗೆಲ್ಲ ಗೊತ್ತು. ಪೋರ್ಟರ್‌ವಿಲ್‌ನವರು ವಾರ್ನಿಯನ್ನು ದೊಡ್ಡ ತಂಡಕ್ಕೆ ಮಾರಿ, ಆ ದುಡ್ಡಿನಲ್ಲಿ ಹೊಸ ಗ್ಯಾಲರಿ ಕಟ್ಟಿಸಿ, ದೀಪದ ಕಂಬ ಹಾಕಿಸಿದರು. ವಾರ್ನಿಯ ಹೆಸರು ರೇಡಿಯೋದಲ್ಲಿ ಬಂತು, ಸಿಗರೇಟಿನ ಜಾಹೀರಾತಿನಲ್ಲಿ ಬಂತು. ನಮ್ಮ ಗ್ಯಾಲರಿ ಖಾಲಿ ಹೊಡೆದು, ತಂಡ ಬಾಗಿಲು ಹಾಕಿತು, ಮೈದಾನದಲ್ಲಿ ಹುಲ್ಲು ಬೆಳೆಯಿತು. ಉಳಿದದ್ದು ಒಂದು ಮಾತು. ನಮ್ಮೂರಲ್ಲಿ ಯಾರಾದರೂ ಕುಂಟು ಹಸು ಕೊಂಡರೆ, ಕುಡುಕನಿಗೆ ಮಗಳನ್ನು ಕೊಟ್ಟರೆ, "ಬರ್ಗ್‌ಡಾಲ್ ವ್ಯಾಪಾರ" ಅಂತಾರೆ. ನಾನು ಆಮೇಲೆ ಹೆಂಗಸರ ಕೂದಲು ಕತ್ತರಿಸುವ ಅಂಗಡಿ ಇಟ್ಟೆನಲ್ಲ, ಅಲ್ಲಿ ತಲೆಗೆ ಸುರುಳಿ ಸುತ್ತಿಸಿಕೊಂಡು ಕೂತವರ ಬಾಯಲ್ಲಿ ಆ ಮಾತು ಕೇಳದ ದಿನವಿಲ್ಲ. ನಾನೂ ಅಂದಿದ್ದೇನೆ, ಇಲ್ಲ ಅನ್ನಲ್ಲ.

ಬರ್ಗ್‌ಡಾಲ್ ಚರ್ಚಿನಲ್ಲಿ ಹಾಡಿಸುವುದನ್ನು ಬಿಟ್ಟರು. ಪಾದ್ರಿಗಳ ಹತ್ತಿರ, "ಕಿವಿ ಕೆಟ್ಟಿದೆ, ಬೇರೆಯವರನ್ನ ನೋಡ್ಕೊಳ್ಳಿ," ಅಂದರಂತೆ. ವಯಸ್ಸಾಯಿತು, ಬೇಜಾರಾಯಿತು ಅಂತ ನಾವು ಏನೇನೋ ಅಂದುಕೊಂಡೆವು. ಪ್ರತಿ ಭಾನುವಾರ ಬಂದು ಮೂಲೆಯಲ್ಲಿ ಕೂರೋರು, ತುಟಿ ಬಿಚ್ಚುತ್ತಿರಲಿಲ್ಲ. ಅವರಿಲ್ಲದೆ ನಮ್ಮ ಹಾಡು ಹಾಲು ಕರೆಯುವ ಹೊತ್ತಿನ ಕರುಗಳ ಕೂಗಿನ ಹಾಗಾಯಿತು. ನಾನೂ ಆ ಕರುಗಳಲ್ಲೊಬ್ಬಳು, ಅದಕ್ಕೇ ಹೇಳ್ತೀನಿ.

ಇನ್ನು ಭಾವ. ಮುಚ್ಚಿಟ್ಟು ಉಳಿಸಿಕೊಂಡ ಆ ಹೆಬ್ಬೆರಳು ಮುಂದಿನ ವಸಂತಕ್ಕೇ ಕೈ ಕೊಟ್ಟಿತು. ಬೆಂಚಿನ ಹುಡುಗ ಎದ್ದು ಬಂದ. ಆಗ ಬರ್ಗ್‌ಡಾಲ್ ಭಾವನನ್ನು ಕರೆದು, "ಮನೇಲಿ ಕೂಸಿದೆ, ಸುಮ್ನೆ ಕೂತು ಏನ್ ಮಾಡ್ತೀಯಾ? ಬಸ್ ಓಡಿಸು ಬಾ," ಅಂದರು. ತಂಡ ಮುಚ್ಚಿದಾಗ ಬಸ್ಸನ್ನು ಸ್ಕೂಲಿಗೆ ಕೊಟ್ಟರು, "ಜೊತೆಗೆ ನಮ್ಮ ಎಲ್ರಾಯ್‌ನೂ ತಗೋಬೇಕು," ಅಂತ ಹೇಳಿ ಕೊಟ್ಟರು. ಹಾಗೆ ಭಾವ ತಲೆ ನರೆಯುವವರೆಗೂ ಸ್ಟೀರಿಂಗ್ ಹಿಡಿದು ಕೂತರು, ಮೊದಲ ಅರ್ಧ ಆಯುಷ್ಯ ಅದೇ ಬಸ್ಸಿನಲ್ಲಿ.

ಮಕ್ಕಳು ಆ ಬಸ್ಸಿಗೆ ವಾರ್ನಿ ಅಂತಲೇ ಹೆಸರಿಟ್ಟಿದ್ದರು. ವಾರ್ನಿ ಬಂತು, ವಾರ್ನಿ ಕೆಟ್ಟಿತು, ವಾರ್ನಿ ತೊಳೀತಿದಾರೆ. ಭಾವ ಅದನ್ನು ತೊಳೆಯುತ್ತಿದ್ದದ್ದು ನೋಡಬೇಕಿತ್ತು. ಕೆಟ್ಟರೆ ಕೆಳಗೆ ಮಲಗಿ ತಾವೇ ರಿಪೇರಿ ಮಾಡೋರು, ಸ್ಕೂಲಿನವರು ಹೊಸದು ತರಿಸ್ತೀವಿ ಅಂದರೆ, "ಇನ್ನೊಂದು ವರ್ಷ ಓಡುತ್ತೆ," ಅನ್ನೋರು. ಬಸ್ಸಿನಲ್ಲಿ ಯಾವ ಮಗುವಾದರೂ ಬರ್ಗ್‌ಡಾಲ್ ವ್ಯಾಪಾರ ಅಂದುಬಿಟ್ಟರೆ ಜೋಳದ ಹೊಲದ ಮಧ್ಯೆ ಗಾಡಿ ನಿಲ್ಲಿಸಿ ಎಂಜಿನ್ ಆರಿಸಿಬಿಡೋರು. "ತಪ್ಪಾಯ್ತು ಅನ್ನು," ಅನ್ನೋರು. ಯಾರಿಗೆ ಅನ್ನಬೇಕು ಅಂತ ಮಗುವಿಗೂ ಗೊತ್ತಾಗುತ್ತಿರಲಿಲ್ಲ. ಇಂಥ ಮೆತ್ತಗಿನ ಮನುಷ್ಯನಿಗೆ ಆ ಒಂದು ಮಾತಿಗೆ ಅಷ್ಟು ಸಿಟ್ಟು ಯಾಕೆ ಅಂತ ನಮಗೂ ಗೊತ್ತಿರಲಿಲ್ಲ.

ಅಕ್ಕನಿಗೆ ಗೊತ್ತಿತ್ತು. ಸ್ಪಂಜು ಕತ್ತರಿಸಿಕೊಟ್ಟವಳೇ ಅವಳು. "ಹುಡುಗ ದೊಡ್ಡ ಮನುಷ್ಯ ಆದ, ಊರಿಗೆ ಬಸ್ ಬಂತು. ಯಾರಿಗೆ ಏನು ನಷ್ಟ? ಸುಮ್ನಿರಿ," ಅಂತ ಅವಳು ಇರುವಷ್ಟು ದಿನ ಅವರ ಬಾಯಿ ಮುಚ್ಚಿಸಿದಳು. ಎಂಬತ್ತಾರರ ಚಳಿಗಾಲ ಅವಳು ಹೋದಳು. ಹಿಮ ಕರಗಿದ ಮೇಲೆ ಅವಳ ಅಡುಗೆಮನೆ ಚೊಕ್ಕಟ ಮಾಡೋಕೆ ನಾನು ಹೋದೆ. ಹಿಟ್ಟಿನ ಡಬ್ಬದ ಹಿಂದೆ, ಪಾತ್ರೆ ಒರೆಸುವ ಬಟ್ಟೆಯಲ್ಲಿ ಸುತ್ತಿಟ್ಟ ಹಳೇ ಗ್ಲೌಸ್ ಸಿಕ್ಕಿತು. ಒಳಗೆ ಕೈ ಹಾಕಿದರೆ ಒಣಗಿದ ಬ್ರೆಡ್ಡಿನ ಹಾಗೆ ಏನೋ ಗಟ್ಟಿ.

"ಇದೇನ್ ಭಾವ?" ಅಂದೆ.

ಒಲೆಯ ಪಕ್ಕ ನಿಂತಿದ್ದವರು ಅಲ್ಲೇ ನಿಂತು ಎಲ್ಲವನ್ನೂ ಹೇಳಿದರು. ಅವರು ಅಷ್ಟು ಉದ್ದ ಮಾತಾಡಿದ್ದು ನಾನು ಅದೇ ಮೊದಲು ಕೇಳಿದ್ದು. ಹುಡುಗ ಅವತ್ತು ಚೆನ್ನಾಗಿಯೇ ಎಸೆದಿದ್ದನಂತೆ. ಮೊದಲನೇ ಚೆಂಡು ಬಿದ್ದಾಗಲೇ ಸ್ಪಂಜು ಸದ್ದು ನುಂಗುತ್ತಿದೆ ಅಂತ ಗೊತ್ತಾಯಿತಂತೆ. ತೆಗೆಯೋಣ ಅಂದುಕೊಂಡರಂತೆ. ತೆಗೆದರೆ ಕೈ ಮುರಿಯುತ್ತೆ, ಯಾಕೆ ಇಟ್ಟೆ ಅಂದರೆ ಕೈ ತೋರಿಸಬೇಕಾಗುತ್ತೆ.

ನನ್ನ ಸಿಟ್ಟು ನೆತ್ತಿಗೇರಿತು. "ಒಳಗೆ ಸ್ಪಂಜಿದೆ ಯಜಮಾನ್ರೇ, ಅಂತ ಒಂದು ಮಾತು. ಅಷ್ಟನ್ನು ಹೇಳೋಕೆ ಏನಾಗಿತ್ತು ನಿಮಗೆ? ಬಾಯಲ್ಲೂ ಸ್ಪಂಜು ಇಟ್ಕೊಂಡಿದ್ರಾ?"

"ಬೆಂಚಿಗೆ ಕೂರಿಸ್ತಾರೆ ಅಂತ ಭಯ ಆಯ್ತು, ಹೇಝಲ್."

"ಸರಿ, ಅವತ್ತು ಭಯ. ಆಮೇಲೆ?"

"ಆಮೇಲೆ ಅವರೇ ಕರೆದು ಕೆಲಸ ಕೊಟ್ರಲ್ಲ. ಹೊಟ್ಟೆಗೆ ಹಾಕಿದೋರ ಮುಂದೆ ನಿಂತು ಯಾವ ಬಾಯಲ್ಲಿ ಹೇಳ್ಲಿ? ಹೋಗ್ತೀನಿ. ಅಂಗಡಿ ಬಾಗಿಲಲ್ಲಿ ಗಂಟೆ ಅಲ್ಲಾಡುತ್ತೆ. 'ಎಲ್ರಾಯ್ ಏನೋ, ಬಾ ಬಾ,' ಅಂತಾರೆ, ಕಾಲಿನ ಸದ್ದಿಗೇ. ಅಷ್ಟು ಹೊತ್ತಿಗೆ ನನ್ನ ನಾಲಿಗೆ ಬಿದ್ದುಹೋಗುತ್ತೆ. ಎರಡು ಕೀಲು ಕೊಡಿ ಅಂತೀನಿ."

ಬೈಯೋಕೆ ಬಾಯಿ ತೆರೆದವಳ ಕಿವಿಗೆ ಕೀಲು ಅನ್ನೋ ಮಾತು ಬಿತ್ತು. ಆ ಶೆಡ್ಡು ನೆನಪಾಯಿತು. ಒಂದೊಂದು ಡಬ್ಬವೂ ಹೇಳದೆ ಬಂದ ಮಾತು. ಕೂತು ಅತ್ತುಬಿಟ್ಟೆ.

ಆ ವರ್ಷ ಜುಲೈ ನಾಲ್ಕರ ಸ್ವಾತಂತ್ರ್ಯ ದಿನಕ್ಕೆ ಹಳೇ ಮೈದಾನವನ್ನು ಸ್ಕೂಲಿನವರು ರಿಪೇರಿ ಮಾಡಿಸಿ, ವಾರ್ನಿಯನ್ನೇ ಕರೆಸುವುದು ಅಂತಾಯಿತು. ವಾರ್ನಿ ಒಂದು ಚೆಂಡು ಎಸೆಯಬೇಕು, ಅವನ ಹಳೇ ಕ್ಯಾಚರ್ ಎಲ್ರಾಯ್ ಹ್ಯಾಸ್ಕೆಟ್ ಹಿಡಿಯಬೇಕು, ಎರಡು ಮಾತು ಆಡಬೇಕು. ಭಾವ ಆಗಲ್ಲ ಅಂದರು. ನಾನು ಬಿಡಲಿಲ್ಲ. "ಊರೆಲ್ಲ ಸೇರಿರುತ್ತೆ, ಬರ್ಗ್‌ಡಾಲ್ ಇರ್ತಾರೆ, ಮೈಕ್ ಇರುತ್ತೆ. ಅಲ್ಲಿ ಕೀಲು ಮಾರಲ್ಲ. ಹೇಳಿ ಮುಗಿಸಿ." ಹೇಳ್ತೀನಿ ಅಂತ ನನ್ನ ಕೈ ಮುಟ್ಟಿ ಒಪ್ಪಿಕೊಂಡರು. ಅವರ ಅಂಗಿಯನ್ನು ನಾನೇ ಇಸ್ತ್ರಿ ಮಾಡಿದೆ.

ಅವತ್ತು ಬಿಸಿಲು, ನಿಂಬೆ ಶರಬತ್ತು, ಬೆಣ್ಣೆ ಸವರಿದ ಬೇಯಿಸಿದ ಜೋಳ. ಬರ್ಗ್‌ಡಾಲ್ ಬಿಳಿ ಕೋಲು ಹಿಡಿದು ಮುಂದಿನ ಸಾಲಿನ ಮಡಿಸುವ ಕುರ್ಚಿಯಲ್ಲಿ ಕೂತಿದ್ದರು, ಪಾದ್ರಿಗಳು ಕೈ ಹಿಡಿದು ಕರೆತಂದಿದ್ದರು. ಕಣ್ಣು ಪೂರ್ತಿ ಹೋಗಿತ್ತು. ವಾರ್ನಿ ಬೊಕ್ಕತಲೆ, ಹೊಟ್ಟೆ, ಬೆರಳಲ್ಲಿ ದಪ್ಪ ಉಂಗುರ. ಒಳ್ಳೇ ಮನುಷ್ಯ, ಆದರೆ ಮಾತು ಬಲ್ಲವನು. "ನನ್ನ ಬೆಲೆ ಒಂದು ಬಸ್ಸು ಅಂತ ನಿಮ್ಮೂರೇ ಕಟ್ಟಿದ್ದು. ಆ ಬಸ್ಸು ನನ್ನ ಕೈಗಿಂತ ಜಾಸ್ತಿ ವರ್ಷ ಓಡಿತಂತೆ. ಹಾಗಾದ್ರೆ ಗೆದ್ದೋರು ಬರ್ಗ್‌ಡಾಲ್ ಯಜಮಾನ್ರೇ," ಅಂದ. ಊರು ಬಿದ್ದು ಬಿದ್ದು ನಕ್ಕಿತು. ಬರ್ಗ್‌ಡಾಲ್ ಸದ್ದು ಬಂದ ಕಡೆಗೆ ಟೋಪಿ ಎತ್ತಿ ತೋರಿಸಿ, ಅದೇ ಹಳೇ ನಗು ನಕ್ಕರು.

ಭಾವನ ಸರದಿ ಬಂತು. ಮೈಕ್ ಹಿಡಿದರು. ಅವರು ಬರ್ಗ್‌ಡಾಲ್ ಕಡೆ ನೋಡಿದರು, ಗಂಟಲು ಸರಿಮಾಡಿಕೊಂಡರು. "ಈ ಸಲ ಮಳೆ ಚೆನ್ನಾಗಿ ಆಯ್ತು. ಜೋಳ ಎತ್ತರ ಬಂದಿದೆ," ಅಂದರು. ಮೈಕ್ ಇಟ್ಟುಬಿಟ್ಟರು. ಮತ್ತೊಂದು ಕೀಲು ಕೊಂಡರು. ಕೈಗೆ ಸಿಕ್ಕ ಕುರ್ಚಿ ತೆಗೆದು ಬಾರಿಸೋಣ ಅನ್ನಿಸಿತು ನನಗೆ.

ಸ್ಕೂಲಿನವರು ದಿಂಬಿನಷ್ಟು ದಪ್ಪನೆಯ ಹೊಸ ಗ್ಲೌಸ್ ಕೊಟ್ಟರು. ಭಾವ ಅದನ್ನು ತೊಟ್ಟು ತಮ್ಮ ಹಳೇ ಜಾಗಕ್ಕೆ ಹೋದರು, ಅರ್ಧ ಕೂತರು, ಎದ್ದರು. ಬೇಲಿಯ ಹತ್ತಿರ ಬಂದು, "ಹೇಝಲ್, ಗಾಡಿಯ ಸೀಟಿನ ಕೆಳಗೆ ಅದು ಇದೆ. ತಗೊಂಡ್ ಬಾ," ಅಂದರು. ಆ ಹಳೇ ಗ್ಲೌಸನ್ನು ತಂದುಕೊಟ್ಟೆ. ನನ್ನ ಕಣ್ಣೆದುರೇ ಆ ಒಣ ಸ್ಪಂಜು ಕಿತ್ತು ಬಿಸಾಕಿದರು. ಹೊಲಿಗೆ ಬಿಚ್ಚಿದ್ದ ಕಡೆ ಬೆರಳು ಹಾಕಿ ಒಳಗಿನ ಹತ್ತಿಯನ್ನೂ ಎಳೆದು ಹಾಕಿದರು. ಬರೀ ತೊಗಲು ಉಳಿಯಿತು, ಅದರೊಳಗೆ ಆ ಸೊಟ್ಟ ಹೆಬ್ಬೆರಳು.

"ಏನ್ರೀ ಎಲ್ರಾಯ್, ಈ ವಯಸ್ಸಲ್ಲಿ ಕೈ ಮುರ್ಕೋತೀರಾ?" ಅಂದ ವಾರ್ನಿ. ಮಕ್ಕಳಿಗೆ ಎಸೆಯುವ ಹಾಗೆ ಮೆಲ್ಲಗೆ ಒಂದು ಎಸೆದ. ಜನ ಚಪ್ಪಾಳೆ ತಟ್ಟಿದರು. ಭಾವ ಚೆಂಡು ವಾಪಸ್ ಕೊಟ್ಟು, "ಇದಲ್ಲ. ಕೈಲಾದಷ್ಟು ಜೋರಾಗಿ. ಇಲ್ಲಿಗೆ," ಅಂತ ಗ್ಲೌಸಿನ ಗುಳಿ ತಟ್ಟಿ ತೋರಿಸಿದರು. ವಾರ್ನಿ ನಗು ನಿಲ್ಲಿಸಿ, ಉಂಗುರ ತೆಗೆದು ಜೇಬಿಗೆ ಹಾಕಿಕೊಂಡು ಎಸೆದ.

ಠಪ್.

ಬರ್ಗ್‌ಡಾಲ್ ತಲೆ ಆ ಕಡೆ ತಿರುಗಿತು. "ಇನ್ನೊಂದು," ಅಂದರು. ಅವರ ದನಿಯಲ್ಲಿ ಹಾಡಿಸುತ್ತಿದ್ದ ಕಾಲದ ಬಿರುಸಿತ್ತು. ಮತ್ತೆ ಬಿತ್ತು, ಹಲಗೆ ಸೀಳಿದ ಹಾಗೆ. ಭಾವನ ಮುಖ ನೋವಿಗೆ ಬೆಳ್ಳಗಾಗಿತ್ತು, ಆದರೂ ಗ್ಲೌಸ್ ಅದೇ ಜಾಗದಲ್ಲಿ ಹಿಡಿದಿದ್ದರು.

"ವಾರ್ನಿ, ನಿನಗೀಗ ವಯಸ್ಸೆಷ್ಟಪ್ಪ?"

"ಐವತ್ತೈದು, ಯಜಮಾನ್ರೇ."

ಬರ್ಗ್‌ಡಾಲ್ ಕೋಲು ಊರಿ ಎದ್ದು ನಿಂತರು. "ಐವತ್ತೈದರ ಕೈಗೆ ಬರೋ ಸದ್ದು ಇಪ್ಪತ್ತರ ಕೈಗೆ ಅವತ್ತು ಯಾಕೆ ಬರ್ಲಿಲ್ಲ? ಎಲ್ರಾಯ್, ಬಾ ಇಲ್ಲಿ." ಭಾವ ಹೋದರು. ಮುದುಕರು ಗ್ಲೌಸನ್ನು ಈಸಿಕೊಂಡು, ಒಳಗೆ ತಮ್ಮ ಕೈ ತೂರಿಸಿ, ಬರೀ ತೊಗಲನ್ನು ಮುಟ್ಟಿ ಮುಟ್ಟಿ ನೋಡಿದರು. "ಅವತ್ತು ಇದರೊಳಗೆ ಏನಿತ್ತು?"

"ಸ್ಪಂಜು, ಯಜಮಾನ್ರೇ. ಕೈ ನೋಯ್ತಿತ್ತು. ಹೇಳಿದ್ರೆ ಕೂರಿಸ್ತೀರಿ ಅಂತ ಹೇಳ್ಲಿಲ್ಲ. ಹುಡುಗ ಚೆನ್ನಾಗೇ ಎಸೆದಿದ್ದ."

ಬೈತಾರೆ, ಕೋಲು ಎತ್ತುತ್ತಾರೆ ಅಂತ ನಾನು ಕಾದೆ. ಅವರು ಗ್ಲೌಸ್ ಹಿಡಿದೇ ನಿಂತಿದ್ದರು. "ಹಾಗಾದ್ರೆ ನನ್ನ ಕಿವಿ ಸರಿಯಾಗೇ ಇತ್ತು," ಅಂದರು, ಯಾರೋ ಈಗಷ್ಟೇ ತಂದ ಸುದ್ದಿಯನ್ನು ಕೇಳಿದವರ ಹಾಗೆ. ಆಮೇಲೆ, "ಕಿವಿ ಕೆಟ್ಟಿದೆ ಅಂತ ನಾನು ಅಷ್ಟೂ ವರ್ಷ ಹಾಡ್ಲಿಲ್ಲ ಕಣೋ, ಎಲ್ರಾಯ್," ಅಂದರು. ಗ್ಲೌಸ್ ವಾಪಸ್ ಕೊಟ್ಟು, ಮನೆಗೆ ಕರ್ಕೊಂಡು ಹೋಗಿ ಅಂತ ಪಾದ್ರಿಗಳಿಗೆ ಹೇಳಿದರು.

ಹೇಳಿದ ಮೇಲೆ ಮನಸ್ಸು ಹಗುರ ಆಗುತ್ತೆ ಅಂದುಕೊಂಡಿದ್ದೆ. ಎಲ್ಲಿ ಬಂತು. ಅಷ್ಟು ದಿನ ಯಜಮಾನರ ಹೆಸರು ಕೆಡಿಸಿದೆ ಅಂತ ಕೊರಗುತ್ತಿದ್ದ ಮನುಷ್ಯ, ಈಗ ಹೊಸದೊಂದು ಹಿಡಿದುಕೊಂಡರು. "ಹಾಡೂ ನಾನೇ ಕಿತ್ಕೊಂಡ್ನಲ್ಲ, ಹೇಝಲ್. ಅದು ನನಗೆ ಗೊತ್ತೇ ಇರ್ಲಿಲ್ಲ." ಕೈಗೆ ಪಟ್ಟಿ ಕಟ್ಟಿಸಿಕೊಂಡು ಮಾರನೇ ದಿನವೇ ಅಂಗಡಿಗೆ ಹೋದರು. ಯಜಮಾನರು ಒಳಗಿದಾರೆ, ಯಾರನ್ನೂ ನೋಡಲ್ಲವಂತೆ ಅಂದರು ಅಂಗಡಿಯವರು. ಆ ಸಲ ಬರಿಗೈಲಿ ವಾಪಸ್ ಬಂದರು.

ನಿಜ ಏನು ಅಂತ ಊರಿಗೆಲ್ಲ ಹೇಳು ಅಂತ ಅವರೇ ನನಗೆ ಅಂದರು. ನನ್ನ ಅಂಗಡಿ ಇರುವಾಗ ಅದೇನು ದೊಡ್ಡ ಕೆಲಸ, ವಾರದೊಳಗೆ ಹೊಲದ ಬೆದರುಬೊಂಬೆಗೂ ಗೊತ್ತಾಗಿತ್ತು. ಬರ್ಗ್‌ಡಾಲ್ ವ್ಯಾಪಾರ ಅನ್ನುವ ಮಾತು ಕಡಿಮೆಯಾಯಿತು. ಭಾವನನ್ನು ಕಂಡರೆ ಜನ "ಏನ್ ಸ್ಪಂಜು, ಆರಾಮಾ?" ಅನ್ನತೊಡಗಿದರು. ಅವರು ಟೋಪಿ ಎತ್ತಿ ತೋರಿಸೋರು. ಅದನ್ನು ಯಾರಿಂದ ಕಲಿತರು ಅಂತ ನನಗೆ ಗೊತ್ತಿತ್ತು.

ಸೆಪ್ಟೆಂಬರಿನ ಒಂದು ಭಾನುವಾರ, ನಾವು ಹಾಡೋಕೆ ಎದ್ದು ನಿಂತಾಗ, ಮೂಲೆಯಲ್ಲಿ ಕೋಲಿನ ಸದ್ದಾಯಿತು. ಬರ್ಗ್‌ಡಾಲ್ ಬೆಂಚು ಬೆಂಚು ಹಿಡಿದುಕೊಂಡು ಮುಂದೆ ಬಂದು, ನಮ್ಮ ಕಡೆ ತಿರುಗಿ ನಿಂತರು. "ಎಷ್ಟು ವರ್ಷ ಅಂತ ಈ ಅರಚಾಟ ಕೇಳೋದು ನಾನು? ಮೊದಲಿಂದ ಶುರು ಮಾಡಿ," ಅಂದರು. ಪಾದ್ರಿಗಳು ಪಕ್ಕಕ್ಕೆ ಸರಿದರು. ನಾವು ಮೊದಲಿಂದ ಹಾಡಿದೆವು.

ಎರಡನೇ ಚರಣಕ್ಕೆ ಬಂದಾಗ ಅವರ ಕೈ ಮೇಲೆ ಹೋಯಿತು. ಎಲ್ಲರೂ ಹಾಡು ನಿಲ್ಲಿಸಿದೆವು.

"ಕೊನೇ ಬೆಂಚು, ನನ್ನ ಎಡಗಡೆ," ಅಂದರು. "ಅಲ್ಲೊಬ್ಬ ದನಿಯನ್ನ ಗಂಟಲಲ್ಲೇ ನುಂಗ್ತಾ ಇದಾನೆ."

ಕೊನೇ ಬೆಂಚಿನಲ್ಲಿ ಇದ್ದದ್ದು ಭಾವ ಒಬ್ಬರೇ. ಯಾರೂ ತಿರುಗಿ ನೋಡಲಿಲ್ಲ.

"ಎಲ್ರಾಯ್, ಇಲ್ಲಿಗೂ ಸ್ಪಂಜು ಇಟ್ಕೊಂಡು ಬಂದಿದೀಯೇನೋ? ತೆಗೆದಿಟ್ಟು ಹಾಡು."

ಮತ್ತೆ ಮೊದಲಿಂದ ಶುರುವಾಯಿತು. ಭಾವ ಬಾಯಿ ಬಿಟ್ಟು ಹಾಡಿದರು. ಅದೇನು ಹಾಡು ಅಂತೀರಿ. ಶ್ರುತಿ ಒಂದು ಕಡೆ, ಅವರು ಒಂದು ಕಡೆ, ಮಧ್ಯೆ ಅಳು ಬೇರೆ. ಎಳೆಯಷ್ಟು ಶ್ರುತಿ ತಪ್ಪಿದರೂ ಕೈ ಎತ್ತಿ ನಿಲ್ಲಿಸುತ್ತಿದ್ದ ಬರ್ಗ್‌ಡಾಲ್, ಅವತ್ತು ಹಾಡು ಮುಗಿಯುವವರೆಗೂ ಕೈ ಎತ್ತಲಿಲ್ಲ.